ಸುಸ್ತಿಗೆ ಅಮೈನೊ ಆಮ್ಲದ ಪರೀಕ್ಷೆ ಮಾಡಿಸಬೇಕೆ?

ಪ್ರಶ್ನೆ: ನನ್ನ ತವರು ಕಲ್ಯಾಣದುರ್ಗದ ಕಡೆ. ಈಗ ಹಿಂದೂಪುರದಲ್ಲಿ ಗಾರ್ಮೆಂಟ್ಸ್ ಕೆಲಸ. ವಯಸ್ಸು 37, ತೂಕ 50 ಕಿಲೊ. ಒಂದೂವರೆ ವರ್ಷದಿಂದ ಬೆಳಗ್ಗೆ ಏಳುವಾಗಲೇ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ಸಲ ಬಾಟ್ಲಿ ಹಾಕಿಸಿಕೊಂಡೆ, ನಾಲ್ಕು ದಿನ ಹಾಯೆನಿಸಿ ಮತ್ತೆ ಅದೇ ಪಾಡು. ಮೈಯಲ್ಲಿ ಅಮೈನೊ ಆಸಿಡ್ ಕಡಿಮೆಯಾಗಿರಬೇಕು, ಬೆಂಗಳೂರಿಗೆ ರಕ್ತ ಕಳಿಸಿ ಪರೀಕ್ಷೆ ಮಾಡಿಸು, ಆಮೇಲೆ ಪುಡಿ ತಗೊಂಡರೆ ಸರಿಹೋಗುತ್ತದೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ದುಡ್ಡು ಹೊಂದಿಸಿಟ್ಟಿದ್ದೇನೆ. ಮಾಡಿಸಲೇ?

ಉತ್ತರ: ಆ ದುಡ್ಡನ್ನು ಸದ್ಯಕ್ಕೆ ಹಾಗೇ ಇಟ್ಟುಕೊಳ್ಳಿ ತಾಯಿ. ನಿಮಗೆ ಪರೀಕ್ಷೆ ಬೇಕು, ಆದರೆ ಮೊದಲು ಆಗಬೇಕಾದದ್ದು ಇದಲ್ಲ.

ನಾವು ತಿಂದ ಬೇಳೆ, ಹಾಲು, ಮೊಟ್ಟೆಯಲ್ಲಿರುವ ಪ್ರೋಟೀನು ಹೊಟ್ಟೆಯಲ್ಲಿ ಕರಗಿ ಚಿಕ್ಕ ಚಿಕ್ಕ ತುಣುಕುಗಳಾಗುತ್ತದೆ. ಅವೇ ಅಮೈನೊ ಆಮ್ಲಗಳು. ಒಟ್ಟು 20 ಬಗೆ. ಅದರಲ್ಲಿ 9 ಬಗೆಯವನ್ನು ಮೈ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಇಷ್ಟು ಕೇಳಿದರೆ ನಿಮ್ಮ ಪರಿಚಯದವರ ಮಾತು ಸರಿಯೆಂದೇ ಅನ್ನಿಸುತ್ತದೆ. ತೊಡಕಿರುವುದು ಅಳತೆಯಲ್ಲಿ. ರಕ್ತದಲ್ಲಿ ಓಡಾಡುವುದು ಇವುಗಳ ಬಹಳ ಸಣ್ಣ ಪಾಲು. ಉಂಡ ಮೇಲೆ ಅದು ಏರುತ್ತದೆ. ಉಪವಾಸವಿದ್ದಾಗ ಮೈ ತನ್ನ ಸ್ನಾಯುವನ್ನೇ ಕರಗಿಸಿ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ನಿಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ಟ್ಯಾಂಕು ತುಂಬಿದೆ ಎಂದ ಮಾತ್ರಕ್ಕೆ ಬೋರ್‌ವೆಲ್ಲಿನಲ್ಲಿ ನೀರು ಎಷ್ಟು ಆಳಕ್ಕೆ ಇಳಿದಿದೆ ಎಂದು ಗೊತ್ತಾಗುತ್ತದೆಯೇ? ಹಾಗೆಯೇ ವರದಿಯಲ್ಲಿ ಒಂದೆರಡು ಅಂಕಿ ಹೆಚ್ಚುಕಮ್ಮಿ ಬಂದರೆ ಅದರಿಂದ ನಿಮ್ಮ ಸುಸ್ತಿನ ಕಾರಣ ಹೇಳಲು ಬರುವುದಿಲ್ಲ.

ಹಾಗಾದರೆ ಈ ಪರೀಕ್ಷೆ ಯಾರಿಗಾಗಿ ಇದೆ? ಮುಖ್ಯವಾಗಿ ಹುಟ್ಟಿನಿಂದಲೇ ಅಮೈನೊ ಆಮ್ಲವನ್ನು ಅರಗಿಸಿಕೊಳ್ಳಲಾಗದ ಮಕ್ಕಳಿಗೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ಸುಮಾರು ಒಂದು ಲಕ್ಷ ಹಸುಗೂಸುಗಳ ರಕ್ತವನ್ನು ಇದಕ್ಕಾಗಿಯೇ ಪರೀಕ್ಷಿಸಿದ್ದರು. ಫಿನೈಲ್‌ಕೀಟೋನೂರಿಯಾದಂಥ ರೋಗವನ್ನು ಬೇಗ ಹಿಡಿದು ಊಟ ಬದಲಿಸಿದರೆ ಮಗುವಿನ ಮಿದುಳು ಉಳಿಯುತ್ತದೆ. ಅಲ್ಲಿ ಈ ಪರೀಕ್ಷೆಗೆ ಬೆಲೆ ಕಟ್ಟಲಾಗದು. ದುಡಿದು ದಣಿದ ದೊಡ್ಡವರ ಸುಸ್ತಿಗೆ ಅದು ಮೊದಲ ಪರೀಕ್ಷೆ ಆಗಲಾರದು.

ಪುಡಿಯ ಮಾತಿಗೆ ಬರುವ ಮುನ್ನ ನಮ್ಮ ದಖ್ಖನಿನ ಒಂದು ಹಳೆಯ ಕಥೆ ಹೇಳಬೇಕು. ಜೋಳವನ್ನೇ ನೆಚ್ಚಿಕೊಂಡಿದ್ದ ಬಡವರಲ್ಲಿ ಪೆಲಗ್ರ ಎಂಬ ಕಾಯಿಲೆ ಕಾಣಿಸುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ನಿಶ್ಶಕ್ತಿ, ಮನಸ್ಸಿಗೆ ಮಂಕು. ಬೇರೆ ದೇಶಗಳಲ್ಲಿ ಇದು ಮೆಕ್ಕೆಜೋಳ ತಿನ್ನುವವರ ಕಾಯಿಲೆ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಕಡಿಮೆ, ಮೈ ಅದರಿಂದ ನಯಾಸಿನ್ ಎಂಬ ವಿಟಮಿನ್ ಮಾಡಿಕೊಳ್ಳುತ್ತದೆ, ಅದು ಸಾಲದಾದಾಗ ಈ ಕಾಯಿಲೆ ಬರುತ್ತದೆ. ಆದರೆ ನಮ್ಮ ಬಿಳಿಜೋಳದಲ್ಲಿ ಟ್ರಿಪ್ಟೊಫ್ಯಾನ್ ಅಷ್ಟೇನೂ ಕಡಿಮೆಯಿಲ್ಲ. ಮತ್ತೇಕೆ ಕಾಯಿಲೆ? ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ವಿವರಣೆ ಮುಂದಿಟ್ಟರು: ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ವಿಪರೀತ ಹೆಚ್ಚು, ಆ ಅತಿಯೇ ಟ್ರಿಪ್ಟೊಫ್ಯಾನಿನ ದಾರಿಗೆ ಅಡ್ಡ ಬರುತ್ತದೆ. ಈ ವಾದದ ಮೇಲೆ ಮುಂದೆ ಸಾಕಷ್ಟು ಚರ್ಚೆ ನಡೆಯಿತು, ವಿಟಮಿನ್ ಬಿ6ರ ಪಾತ್ರವೂ ಸೇರಿಕೊಂಡಿತು. ಅದೇನೇ ಇರಲಿ, ಬರೀ ಜೋಳ ತಿಂದವರಿಗೆ ಕಷ್ಟವಾಯಿತು, ಅದರ ಜೊತೆ ಬೇಳೆ, ಹಾಲು ಇದ್ದವರು ಅಷ್ಟಾಗಿ ನರಳಲಿಲ್ಲ. ಈಗ ಆ ಕಾಯಿಲೆ ಅಪರೂಪ. ಅಂದ ಹಾಗೆ, ಈಗ ಅಂಗಡಿಯಲ್ಲಿ ಸ್ನಾಯುಬಲಕ್ಕೆಂದು ಮಾರುವ ಹಲವು ಡಬ್ಬಿಗಳಲ್ಲಿ ಮುಖ್ಯವಾಗಿ ತುಂಬಿರುವುದು ಇದೇ ಲ್ಯೂಸಿನ್.

ಬಿಡಿಬಿಡಿಯಾಗಿ ಅಮೈನೊ ಆಮ್ಲ ನುಂಗುವುದು ನಿರಪಾಯ ಎಂಬ ನಂಬಿಕೆಯೂ ಒಮ್ಮೆ ಕೆಟ್ಟದಾಗಿ ಮುರಿದುಬಿದ್ದಿದೆ. 1989ರಲ್ಲಿ ಅಮೆರಿಕದಲ್ಲಿ ನಿದ್ದೆಗೆಂದು, ಮನಸ್ಸಿನ ನೆಮ್ಮದಿಗೆಂದು ಟ್ರಿಪ್ಟೊಫ್ಯಾನ್ ಮಾತ್ರೆ ತಿಂದವರಲ್ಲಿ ತೀವ್ರ ಸ್ನಾಯುನೋವಿನ ರೋಗ ಕಾಣಿಸಿಕೊಂಡಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಮೂವತ್ತಕ್ಕೂ ಹೆಚ್ಚು ಜನ ಸತ್ತರು. ತಯಾರಿಕೆಯಲ್ಲಿ ಸೇರಿದ ಕಲ್ಮಶದತ್ತ ತನಿಖೆ ಬೆರಳು ತೋರಿಸಿತು. ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿಯರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇವುಗಳ ತಂಟೆಗೇ ಹೋಗಬಾರದು. ನಿಮಗೆ ಹಾಕಿದ ಬಾಟ್ಲಿ ಬರೀ ಗ್ಲೂಕೋಸಿನದಾಗಿದ್ದರೆ ಅದು ಸಕ್ಕರೆ ನೀರು. ಅಮೈನೊ ಆಮ್ಲದ್ದೇ ಆಗಿದ್ದರೂ, ಬಾಯಲ್ಲಿ ಉಣ್ಣಬಲ್ಲವರಿಗೆ ಅದನ್ನು ನರಕ್ಕೆ ಸುರಿಯುವ ಅಗತ್ಯವಿಲ್ಲ.

ಈಗ ನಿಮ್ಮ ಸುಸ್ತಿನ ವಿಚಾರ. ನೀವು ಬರೆದ ಏದುಸಿರು ಓದಿದೊಡನೆ ನನಗೆ ತೋಚಿದ್ದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 58.8 ಮಂದಿಗೆ ಅದು ಇದೆ. ಹತ್ತರಲ್ಲಿ ಆರು ಜನ ಅಂದುಕೊಳ್ಳಿ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಮುಟ್ಟಬೇಕು. ಮೊದಲು ಅದನ್ನು ನೋಡಿಸಿ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ. ಜೊತೆಗೆ ಥೈರಾಯ್ಡ್, ಸಕ್ಕರೆ, ಮೂತ್ರಪಿಂಡದ ಕ್ರಿಯಾಟಿನಿನ್, ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಮತ್ತು ಹಾಲು, ಮೊಟ್ಟೆ, ಮಾಂಸ ಕಡಿಮೆ ತಿನ್ನುವವರಾದರೆ ಬಿ12. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯದ ಕಫ ಪರೀಕ್ಷೆ ಉಚಿತವಾಗಿಯೇ ಆಗುತ್ತದೆ. ಕೀಲು ಹಿಡಿದು ಬೆನ್ನು ಬಿಗಿಯುತ್ತಿದ್ದರೆ ಯಾವ ನೀರು ಕುಡಿದು ಬೆಳೆದಿರಿ ಎಂಬುದನ್ನೂ ತಿಳಿಸಿ. ಅನಂತಪುರ ಸೀಮೆಯ ಕೊಳವೆಬಾವಿಗಳ ಫ್ಲೋರೈಡ್ ಹೊಸ ಸುದ್ದಿಯಲ್ಲ, 1990ರ ದಶಕದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಬಂದ ಕಾರಣಗಳಲ್ಲಿ ಅದೂ ಒಂದು.

ಊಟವನ್ನೂ ಲೆಕ್ಕ ಹಾಕೋಣ. ಐಸಿಎಂಆರ್ 2020ರಲ್ಲಿ ಹೇಳಿದಂತೆ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ನಿಮ್ಮ ತೂಕಕ್ಕೆ ಸುಮಾರು 42 ಗ್ರಾಂ. ದಿನಕ್ಕೆ 300 ಗ್ರಾಂ ರಾಗಿ, ಅಕ್ಕಿ ಸೇರಿ 21 ಗ್ರಾಂ ಬಂತು. ಎರಡು ಹಿಡಿ, ಅಂದರೆ 60 ಗ್ರಾಂ ಹುರುಳಿ ಅಥವಾ ತೊಗರಿಯಿಂದ 13. ಒಂದು ಹಿಡಿ ಕಡಲೆಕಾಯಿ ಬೀಜದಿಂದ 7. ಒಂದು ಲೋಟ ಹಾಲು ಅಥವಾ ಒಂದು ಮೊಟ್ಟೆಯಿಂದ 6. ಗುರಿ ದಾಟಿತು. ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ರಾಗಿಯಲ್ಲಿ ಅದು ಚೆನ್ನಾಗಿದೆ. ಮುದ್ದೆಗೆ ಹುರುಳಿ ಸಾರು ಎಂಬ ಜೋಡಿ ಕಟ್ಟಿದ ನಮ್ಮ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಮಾತ್ರ ಗೊತ್ತಿತ್ತು. ನನ್ನ ಚಿಂತೆ ಬೇರೆ. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯವೆಲ್ಲ ಗಂಡಸರ, ಮಕ್ಕಳ ತಟ್ಟೆಗೆ ಹೋಗಿ, ಕೊನೆಗೆ ಉಣ್ಣುವ ಹೆಂಗಸಿಗೆ ತಿಳಿಸಾರು ಮಾತ್ರ ಉಳಿಯುತ್ತದೆ. ಪ್ರೋಟೀನಿರುವುದು ಆ ಕಾಳಿನಲ್ಲಿ. ನಿಮ್ಮ ಪಾಲನ್ನು ಮೊದಲೇ ಎತ್ತಿಡಿ. ಊಟದ ಬೆನ್ನಿಗೇ ಟೀ ಕುಡಿಯಬೇಡಿ, ಅದು ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ. ಮುದ್ದೆಗೆ ನಿಂಬೆಹಣ್ಣು ಹಿಂಡಿದ ಸೊಪ್ಪಿನ ಪಲ್ಯ ಒಳ್ಳೆಯದು.

ಇಷ್ಟೆಲ್ಲ ಪರೀಕ್ಷೆ ಸರಿಯಿದ್ದೂ ಸುಸ್ತು ಆರು ತಿಂಗಳು ಮೀರಿ ಉಳಿದರೆ, ಸ್ವಲ್ಪ ಕೆಲಸ ಮಾಡಿದ ಮರುದಿನ ಮೈ ಪೂರಾ ಕುಸಿದರೆ, ಎಷ್ಟು ಮಲಗಿದರೂ ದಣಿವು ಆರದಿದ್ದರೆ, ದೀರ್ಘಕಾಲದ ಆಯಾಸದ ರೋಗ ಎಂಬುದೊಂದು ನಿಜವಾಗಿಯೂ ಇದೆ. ಅದು ಸೋಮಾರಿತನವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. 2016ರಲ್ಲಿ ನಾರ್ವೆಯ ಸಂಶೋಧಕರು ಈ ರೋಗವಿರುವ ಹೆಂಗಸರ ರಕ್ತದಲ್ಲಿ ಕೆಲವು ಅಮೈನೊ ಆಮ್ಲಗಳು ಕಡಿಮೆ ಇರುವುದನ್ನು ಕಂಡರು. ನಿಮ್ಮ ಪರಿಚಯದವರ ಕಿವಿಗೆ ಬಿದ್ದದ್ದು ಬಹುಶಃ ಇಂಥದ್ದೇ ಸುದ್ದಿ. ಆದರೆ ಶಕ್ತಿ ತಯಾರಾಗುವ ಹಂತದಲ್ಲೇ ತೊಡಕಿದೆ, ಅದಕ್ಕೆ ಮೈ ಇವನ್ನು ಹೆಚ್ಚು ಸುಡುತ್ತಿದೆ ಎಂಬುದು ಅವರ ಊಹೆ. ಪುಡಿ ತಿಂದರೆ ಗುಣವಾಗುತ್ತದೆ ಎಂದು ಅವರು ತೋರಿಸಲಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ, ಗುಣಪಡಿಸುತ್ತೇವೆಂದು ಯಾವ ಔಷಧವನ್ನೂ ಪೂರಕವನ್ನೂ ಕೊಡಬೇಡಿ ಎನ್ನುತ್ತದೆ. ಅಲ್ಲಿ ನೆರವಾಗುವುದು ಇದ್ದ ಶಕ್ತಿಯನ್ನು ಅಳೆದು ಖರ್ಚು ಮಾಡುವ ಕ್ರಮ, ಮತ್ತು ನಿದ್ದೆ, ನೋವಿಗೆ ವೈದ್ಯರ ಆರೈಕೆ.

ನಿಮ್ಮ ವಾರದ ರಜೆಯ ದಿನ ಆಸ್ಪತ್ರೆಯಲ್ಲಿ ಪರೀಕ್ಷೆ ಆಗದಿರಬಹುದು, ಹಾಗಾಗಿ ಒಂದು ಬೆಳಗ್ಗೆ ಶಿಫ್ಟಿಗೆ ತಡವಾದರೂ ಪರವಾಗಿಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ ಬನ್ನಿ. ಹಿಮೋಗ್ಲೋಬಿನ್ ಎಷ್ಟು ಬಂತು ಎಂದು ನನಗೆ ಬರೆಯಿರಿ.