ಸ್ಪ್ಯಾನಿಷ್ ಬಣ್ಣಗಳ ಪಾಠ: ಕೊನೆಯ ಅಕ್ಷರ ನೋಡಿ ಬಟ್ಟೆ ಕತ್ತರಿಸೋಣ



ಹೊಲಿಗೆ, ಕಸೂತಿ ಮಾಡುವ ನಮಗೆ ಬಣ್ಣದ ಲೆಕ್ಕ ಹೊಸತಲ್ಲ. ಕೆಂಪು ಚೀಲ, ಕೆಂಪು ಚೀಲಗಳು, ಕೆಂಪು ಟೋಪಿ ಎನ್ನುತ್ತೇವೆ. ಕನ್ನಡದಲ್ಲಿ 'ಕೆಂಪು' ಎಲ್ಲ ಕಡೆಯೂ ಕೆಂಪೇ. ಆದರೆ ಸ್ಪೇನ್, ಮೆಕ್ಸಿಕೊ, ಪೆರು, ಅರ್ಜೆಂಟೀನಾ ಸೇರಿ ಸುಮಾರು 20 ದೇಶಗಳ ಅಧಿಕೃತ ಭಾಷೆಯಾದ ಸ್ಪ್ಯಾನಿಷ್‌ನಲ್ಲಿ ಹಾಗಲ್ಲ. ಅಲ್ಲಿ ಬಣ್ಣದ ಪದ ವಸ್ತುವಿನ ಲಿಂಗ ಮತ್ತು ವಚನ ನೋಡಿಕೊಂಡು ಬದಲಾಗುತ್ತದೆ. ಆ ಭಾಷೆಯ ಆರ್ಡರ್ ಚೀಟಿ ನಮ್ಮ ಕೈಗೆ ಬಂದರೆ, ಯಾವ ವಸ್ತುವಿಗೆ ಯಾವ ಬಣ್ಣ ಎಂಬುದನ್ನು ಕೊನೆಯ ಅಕ್ಷರವೇ ಹೇಳುತ್ತದೆ. ಹೇಗೆ ಅಂತ ನೋಡೋಣ.

ವಸ್ತುವಿಗೂ ಲಿಂಗ

ಕನ್ನಡದಲ್ಲಿ ಚೀಲ, ಟೋಪಿ ಎಲ್ಲವೂ ನಪುಂಸಕ ಲಿಂಗ. ಸ್ಪ್ಯಾನಿಷ್‌ನಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಹಿಂದಿ ಕಲಿತವರಿಗೆ ಇದು ಸುಲಭ: ಕಾಲಾ ಜೂತಾ, ಕಾಲೀ ಟೋಪಿ. ಕೊಂಕಣಿ ಮಾತಾಡುವವರಿಗೂ ಕಾಳೊ, ಕಾಳಿ, ಕಾಳೆಂ ಗೊತ್ತೇ ಇದೆ.

ಸಾಮಾನ್ಯವಾಗಿ 'ಒ' ಎಂದು ಮುಗಿಯುವ ವಸ್ತು ಪುಲ್ಲಿಂಗ, 'ಆ' ಎಂದು ಮುಗಿಯುವುದು ಸ್ತ್ರೀಲಿಂಗ. ಸೊಂಬ್ರೇರೊ (ಟೋಪಿ), ಪನ್ಯುವೇಲೊ (ಕರವಸ್ತ್ರ) ಪುಲ್ಲಿಂಗ. ಬೋಲ್ಸಾ (ಚೀಲ), ಫಾಲ್ದಾ (ಲಂಗ) ಸ್ತ್ರೀಲಿಂಗ. ಯಾರು ತೊಡುತ್ತಾರೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹೆಂಗಸರು ತೊಡುವ ಗೌನು, ಬೆಸ್ತೀದೊ, ಪುಲ್ಲಿಂಗ. ಗಂಡಸರು ಕಟ್ಟುವ ಟೈ, ಕೊರ್ಬಾತಾ, ಸ್ತ್ರೀಲಿಂಗ! ಕೆಲವು ಪದಗಳು ನಿಯಮ ಮೀರುತ್ತವೆ. ಕೈಗೆ 'ಮಾನೊ' ಎನ್ನುತ್ತಾರೆ, ಅದು ಸ್ತ್ರೀಲಿಂಗ.

ಬಣ್ಣದ ನಿಯಮಗಳು

1. ಮೊದಲು ವಸ್ತು, ನಂತರ ಬಣ್ಣ. ಕೆಂಪು ಚೀಲ ಅಂದರೆ 'ಬೋಲ್ಸಾ ರೋಹಾ'. (ಬರೆಯುವಾಗ ಇಂಗ್ಲಿಷಿನ 'ಜೆ' ಅಕ್ಷರ ಇರುತ್ತದೆ, ಓದುವಾಗ 'ಹ'.)

2. 'ಒ' ಎಂದು ಮುಗಿಯುವ ಬಣ್ಣಕ್ಕೆ ನಾಲ್ಕು ರೂಪ. ಕೆಂಪು: ಸೊಂಬ್ರೇರೊ ರೋಹೊ, ಬೋಲ್ಸಾ ರೋಹಾ, ಸೊಂಬ್ರೇರೊಸ್ ರೋಹೊಸ್, ಬೋಲ್ಸಾಸ್ ರೋಹಾಸ್. ಬ್ಲಾಂಕೊ (ಬಿಳಿ), ನೇಗ್ರೊ (ಕಪ್ಪು), ಅಮರೀಯೊ (ಹಳದಿ) ಇವೂ ಹೀಗೆಯೇ.

3. ಬೆರ್ದೆ (ಹಸಿರು), ಅಸುಲ್ (ನೀಲಿ), ಗ್ರಿಸ್ (ಬೂದು) ಇವುಗಳಿಗೆ ಲಿಂಗದ ಗೊಡವೆ ಇಲ್ಲ, ಬಹುವಚನ ಮಾತ್ರ ಉಂಟು: ಬೆರ್ದೆಸ್, ಅಸುಲೆಸ್, ಗ್ರಿಸೆಸ್.

4. ರೋಸಾ (ಗುಲಾಬಿ), ನರಾಂಹಾ (ಕಿತ್ತಳೆ) ಹೂವು, ಹಣ್ಣಿನ ಹೆಸರಿನಿಂದ ಬಂದ ಬಣ್ಣಗಳು. ಪುಲ್ಲಿಂಗ ವಸ್ತುವಿಗೂ ಇವು 'ರೋಸೊ', 'ನರಾಂಹೊ' ಆಗುವುದಿಲ್ಲ. ಬಹುವಚನದಲ್ಲಿ 'ಸ್' ಸೇರಿಸಬಹುದು, ಬಿಡಲೂಬಹುದು.

5. ತಿಳಿ, ಕಡು ಎಂದು ಸೇರಿಸಿದರೆ ಎರಡೂ ಪದ ಹಾಗೆಯೇ ಉಳಿಯುತ್ತವೆ. ತಿಳಿ ನೀಲಿ ಚೀಲಗಳು: 'ಬೋಲ್ಸಾಸ್ ಅಸುಲ್ ಕ್ಲಾರೊ'. ಕಡು ಹಸಿರು: 'ಬೆರ್ದೆ ಒಸ್ಕೂರೊ'.

ಒಂದು ಅಕ್ಷರದ ಬೆಲೆ

ಈಗ ಒಂದು ಆರ್ಡರ್ ಬಂತು ಎಂದುಕೊಳ್ಳಿ: 'ಪನ್ಯುವೇಲೊಸ್ ಇ ಬೋಲ್ಸಾಸ್ ಬ್ಲಾಂಕೊಸ್'. 'ಇ' ಅಂದರೆ 'ಮತ್ತು'. ಗಂಡು, ಹೆಣ್ಣು ಪದಗಳು ಜೊತೆಯಲ್ಲಿದ್ದರೆ ಎರಡಕ್ಕೂ ಸೇರುವ ಬಣ್ಣ ಪುಲ್ಲಿಂಗ ಬಹುವಚನದಲ್ಲಿ ಬರುತ್ತದೆ. ಹಾಗಾಗಿ ಇಲ್ಲಿ ಕರವಸ್ತ್ರವೂ ಬಿಳಿ, ಚೀಲವೂ ಬಿಳಿ. ಅದೇ ಚೀಟಿಯಲ್ಲಿ 'ಬ್ಲಾಂಕಾಸ್' ಎಂದಿದ್ದರೆ? ಆಗ ಸಾಮಾನ್ಯವಾಗಿ ಚೀಲ ಮಾತ್ರ ಬಿಳಿ. ಕರವಸ್ತ್ರದ ಬಣ್ಣ ಹೇಳಿಯೇ ಇಲ್ಲ. ವ್ಯತ್ಯಾಸ ಒಂದೇ ಅಕ್ಷರದ್ದು, ಆದರೆ ತಪ್ಪು ಬಟ್ಟೆ ಕತ್ತರಿಸಿದರೆ ನಷ್ಟ ಸಂಘದ ಸಾಲದ ಪುಸ್ತಕಕ್ಕೆ ಬೀಳುತ್ತದೆ.

ಪದಗಳ ಕ್ರಮ ತಿರುಗಿಸಿ 'ಬೋಲ್ಸಾಸ್ ಇ ಪನ್ಯುವೇಲೊಸ್ ಬ್ಲಾಂಕೊಸ್' ಎಂದು ಬರೆದರೆ ಅನುಮಾನ ಉಳಿಯುತ್ತದೆ: ಎರಡೂ ಬಿಳಿಯೋ, ಕರವಸ್ತ್ರ ಮಾತ್ರವೋ? ಆಗ ಊಹೆ ಮಾಡುವುದು ಬೇಡ. ಕೊಳ್ಳುವವರನ್ನು ಕೇಳಿ, ಪ್ರತಿ ವಸ್ತುವಿನ ಮುಂದೆ ಅದರ ಬಣ್ಣ ಬೇರೆ ಬೇರೆ ಬರೆಸಿಕೊಳ್ಳೋಣ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಲೆಕ್ಕ ಬಲ್ಲವರೇ ಕೇಳುತ್ತಾರೆ.

ಸಭೆಯಲ್ಲಿ ಮಾಡುವ ಅಭ್ಯಾಸ

ಒಬ್ಬರು ಓದಿ ಹೇಳಲಿ, ಉಳಿದವರು ಸ್ಪ್ಯಾನಿಷ್‌ನಲ್ಲಿ ಉತ್ತರಿಸಲಿ.
1. ಕಪ್ಪು ಚೀಲ
2. ಹಸಿರು ಟೋಪಿಗಳು
3. ಹಳದಿ ಲಂಗಗಳು
4. ನೀಲಿ ಟೈ

ಉತ್ತರ: 1. ಬೋಲ್ಸಾ ನೇಗ್ರಾ 2. ಸೊಂಬ್ರೇರೊಸ್ ಬೆರ್ದೆಸ್ 3. ಫಾಲ್ದಾಸ್ ಅಮರೀಯಾಸ್ 4. ಕೊರ್ಬಾತಾ ಅಸುಲ್.

ನಾಲ್ಕೂ ಸರಿಯಾದರೆ, ಮುಂದಿನ ವಾರ ನಿಮ್ಮ ಸಂಘದಲ್ಲಿ ಹೊಲಿಯುವ ವಸ್ತುಗಳ ಪಟ್ಟಿ ಮಾಡಿ, ಪ್ರತಿಯೊಂದರ ಲಿಂಗವನ್ನು ನಿಘಂಟಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಲಿಂಗ ಗೊತ್ತಾದರೆ ಬಣ್ಣ ತಾನಾಗಿ ಸರಿಯಾಗುತ್ತದೆ.