ನಂದಿ ತಪ್ಪಲಿನ ಎರಡು ಎಕರೆ ನನಗೆ ಕಲಿಸಿದ್ದು

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ವಾರಕ್ಕೆ ಎರಡು ಸಲ ರಾತ್ರಿ ಒಂದೂವರೆಗೆ ನಾಗರಬಾವಿಯ ನಮ್ಮ ಮನೆಯಿಂದ ಕಾರು ತೆಗೆಯುತ್ತೇನೆ. ರಿಂಗ್ ರೋಡ್, ಗೊರಗುಂಟೆಪಾಳ್ಯ, ಹೆಬ್ಬಾಳ, ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ. ಮರುದಿನ ಮಧ್ಯಾಹ್ನ ವಾಪಸು ಬರುವಾಗ ಬೆರಳೆಲ್ಲ ನೇರಳೆ ಬಣ್ಣ. ಎದುರುಮನೆ ಅಜ್ಜಿ ಬಹಳ ದಿನ ನೋಡಿ, ತಡೆಯಲಾರದೆ ಕೇಳಿದರು: “ಪ್ರಿಂಟಿಂಗ್ ಪ್ರೆಸ್ಸಲ್ಲಿ ಕೆಲಸವೇನಪ್ಪಾ?” “ದ್ರಾಕ್ಷಿ ಕೆಲಸ ಅಜ್ಜಿ” ಅಂದೆ. ಅಷ್ಟಕ್ಕೇ ಬಿಟ್ಟೆ.

ವೈನರಿಯ ಸೆಲ್ಲಾರಿನಲ್ಲಿ ನನಗೆ ಹದಿನಾರು ವರ್ಷವಾಯಿತು. ಅದರಲ್ಲಿ ಒಂಬತ್ತು ವರ್ಷ ಎರಡು ಎಕರೆಯ ಒಂದೇ ತುಂಡಿನ ಶಿರಾಜ್ ಹಣ್ಣನ್ನು ಬೇರೆ ಯಾವುದರ ಜೊತೆಗೂ ಬೆರೆಸದೆ ವೈನ್ ಮಾಡಿದ್ದೇನೆ. ಕಲಿತದ್ದು ಇಷ್ಟು.

1. ನಮ್ಮ ತಂಪು ಹಗಲಿನದಲ್ಲ, ರಾತ್ರಿಯದು.

ತಂಪು ನಾಡಿನ ವೈನ್ ಅಂದಾಗ ಎಲ್ಲರೂ ಫ್ರಾನ್ಸಿನ ಬರ್ಗಂಡಿಯನ್ನೋ ನ್ಯೂಜಿಲೆಂಡನ್ನೋ ನೆನೆಯುತ್ತಾರೆ. ನಾವಿರುವುದು ಸಮಭಾಜಕದಿಂದ ಬರೀ 13 ಡಿಗ್ರಿ ಉತ್ತರಕ್ಕೆ. ನಮ್ಮನ್ನು ಕಾಯುವುದು ಎತ್ತರ. ನಂದಿ ಬೆಟ್ಟದ ತುದಿ 1,478 ಮೀಟರ್. ಕೆಳಗಿನ ತೋಟಗಳು ಸುಮಾರು 900 ಮೀಟರಿನಲ್ಲಿವೆ. ಜನವರಿಯಲ್ಲಿ ಮಧ್ಯಾಹ್ನ ಅಂಗಿ ಒದ್ದೆಯಾಗುವಷ್ಟು ಬಿಸಿಲು, ಬೆಳಗಿನ ಜಾವಕ್ಕೆ ಸ್ವೆಟರ್ ಬೇಕು. ಹಣ್ಣು ಮಾಗುವಾಗ ತನ್ನೊಳಗಿನ ಮ್ಯಾಲಿಕ್ ಹುಳಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ರಾತ್ರಿ ತಣ್ಣಗಿದ್ದರೆ ಆ ಉರಿ ನಿಧಾನ. ಸಿಹಿ ಏರುತ್ತಿದ್ದರೂ ಹುಳಿ ಒಂದಿಷ್ಟು ಉಳಿಯುತ್ತದೆ, ಬಣ್ಣವೂ ಚೆನ್ನಾಗಿ ಕೂರುತ್ತದೆ. ವೈನ್ ದ್ರಾಕ್ಷಿಗೆ ತಕ್ಕ ನೆಲ ಹುಡುಕುತ್ತಾ ಉದ್ಯಮಿ ಕನ್ವಲ್ ಗ್ರೋವರ್ ಅವರು ಷಾಂಪೇನಿನ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಜೊತೆ ಊರೂರು ಸುತ್ತಿ, 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ನೆಲೆನಿಂತದ್ದು ಸುಮ್ಮನೆ ಅಲ್ಲ.

2. ಬಳ್ಳಿಯನ್ನು ಮಲಗಿಸುವುದೂ ಎಬ್ಬಿಸುವುದೂ ನಮ್ಮ ಕೆಲಸ.

ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ತಾನಾಗಿ ಮಲಗುತ್ತದೆ. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ, ಒಂದೇ ಗಿಡದಲ್ಲಿ ಹೂವೂ ಹಣ್ಣೂ ಕಾಣಿಸುತ್ತವೆ. ಅದಕ್ಕೇ ವರ್ಷಕ್ಕೆರಡು ಕಟಿಂಗ್. ವಿಜಯಪುರದ ಕಡೆಯವರು ಚಾಟ್ನಿ ಅನ್ನುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲಿನಲ್ಲಿ ಮೊದಲನೆಯದು, ಕಡ್ಡಿ ಬೆಳೆಸಲು. ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ ಎರಡನೆಯದು, ಹಣ್ಣಿಗೆ. ಈ ಎರಡನೆಯದರ ತಾರೀಖೇ ಇಡೀ ವರ್ಷದ ಜಾತಕ. ಹಸ್ತ ಮಳೆ ಮುಗಿಯುವ ಮುಂಚೆ ಕತ್ತರಿ ಹಾಕಿದರೆ ಎಳೆ ಚಿಗುರಿಗೆ ಡೌನಿ ರೋಗ ಹತ್ತುತ್ತದೆ. ತೀರಾ ತಡವಾದರೆ ಹಣ್ಣು ಮಾಗುವುದು ಏಪ್ರಿಲಿನ ಧಗೆಯಲ್ಲಿ. ರೇವತಿ ಮಳೆ ಬಿದ್ದರೆ ಗೊಂಚಲೇ ಕೊಳೆಯುತ್ತದೆ. ಒಂಬತ್ತು ವರ್ಷದಲ್ಲಿ ಈ ತಾರೀಖು ನನಗೆ ಸರಿಯಾಗಿ ಸಿಕ್ಕಿದ್ದು ಐದು ಸಲ.

3. ಗೊಂಚಲು ಕಿತ್ತು ನೆಲಕ್ಕೆ ಹಾಕಲು ಕಲಿಯಬೇಕು.

ಇದು ತೋಟದ ಆಳುಗಳಿಗೆ ಹೇಳಿ ಒಪ್ಪಿಸಲು ಅತಿ ಕಷ್ಟವಾದ ಮಾತು. ಸುತ್ತಲಿನ ರೈತರದು ಬೆಂಗಳೂರು ಬ್ಲೂ. ಚಪ್ಪರದ ಬೆಳೆ, ಎಕರೆಗೆ ಹದಿನೈದು ಟನ್ ಬಂದರೂ ಆಶ್ಚರ್ಯವಿಲ್ಲ. ತಿನ್ನಲು, ಜ್ಯೂಸಿಗೆ, ಕ್ರಿಸ್‌ಮಸ್ಸಿಗೆ ಮನೆಗಳಲ್ಲಿ ಮಾಡುವ ಸಿಹಿ ವೈನಿಗೆ ಅದು ಹೇಳಿಮಾಡಿಸಿದ್ದು. ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕಿದೆ. ಆದರೆ ಅದರ ಆ ಗಮಗಮ ವಾಸನೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ಶಿರಾಜ್ ಸಾಲುಗಳು ಚಪ್ಪರದಲ್ಲಿಲ್ಲ, ತಂತಿಯ ಮೇಲೆ ನೆಟ್ಟಗೆ ನಿಂತಿವೆ. ಎಕರೆಗೆ ಮೂರು ಟನ್ ಸಾಕು. ಕಾಯಿ ಬಣ್ಣ ತಿರುಗುವ ಹೊತ್ತಿಗೆ, ಹಿಂದುಳಿದ ಹಸಿರು ಗೊಂಚಲುಗಳನ್ನೆಲ್ಲ ಕತ್ತರಿಸಿ ಬಿಸಾಡಬೇಕು. ಮೊದಲ ವರ್ಷ ನಮ್ಮ ತೋಟದ ಹಿರಿಯ ಹೆಂಗಸೊಬ್ಬರು ಕತ್ತರಿಯನ್ನು ನನ್ನ ಕೈಗೇ ಕೊಟ್ಟು, “ಈ ಪಾಪ ನೀವೇ ಮಾಡಿ ಸ್ವಾಮಿ” ಎಂದು ಸಾಲಿನಾಚೆ ಹೋಗಿ ಕೂತರು.

4. ಮೀಟರಿಗಿಂತ ಬೀಜ ಕೇಳು.

ಬ್ರಿಕ್ಸ್ ಮೀಟರಿನಲ್ಲಿ 23.5 ಬಂತು ಅಂದರೆ ವೈನಿನಲ್ಲಿ ಆಲ್ಕೋಹಾಲ್ 13 ಶೇಕಡಾ ಚಿಲ್ಲರೆ ಬರುತ್ತದೆ ಅಂತ ಲೆಕ್ಕ. ಸಕ್ಕರೆಯ ಲೆಕ್ಕ ಅಷ್ಟೇ. ನಮ್ಮ ಬಿಸಿಲಿಗೆ ಸಕ್ಕರೆ ಓಡುತ್ತದೆ. ಸಿಪ್ಪೆ, ಬೀಜ ಹಿಂದೆ ಉಳಿಯುತ್ತವೆ. ಮೂರನೆಯ ವರ್ಷ ಮೀಟರನ್ನೇ ನಂಬಿ ಹತ್ತು ದಿನ ಮುಂಚೆ ಕೊಯ್ದೆ. ಆ ವೈನ್ ಇವತ್ತಿಗೂ ಹಲಸಿನ ಕಾಯಿಯ ಅಂಟು ನೆಕ್ಕಿದ ಹಾಗೆ ನಾಲಿಗೆ ಹಿಡಿಯುತ್ತದೆ.

ಈಗ ಸಾಲಿನ ಎರಡೂ ಮಗ್ಗುಲಿಂದ, ಗೊಂಚಲಿನ ಮೇಲೆ-ಕೆಳಗಿಂದ ನೂರು ಹಣ್ಣು ಆರಿಸಿ ನಾಗರಬಾವಿಗೆ ತರುತ್ತೇನೆ. ರಾತ್ರಿ ಊಟವಾದ ಮೇಲೆ ಸ್ಟೀಲ್ ತಟ್ಟೆಯಲ್ಲಿ ಸುರಿದುಕೊಂಡು ನಾನೂ ಹೆಂಡತಿಯೂ ಕೂರುತ್ತೇವೆ. ಒಂದೊಂದೇ ಹಣ್ಣು ಹಿಸುಕಿ ಬೀಜ ತೆಗೆಯಬೇಕು. ಹಸಿರು ಬೀಜ ಒಂದು ಕಡೆ, ಕಂದು ಬೀಜ ಇನ್ನೊಂದು ಕಡೆ. ಮಾಗಿದ ಬೀಜವಾದರೆ ತಿರುಳು ಅಂಟದೆ ಬಿಟ್ಟುಕೊಳ್ಳುತ್ತದೆ, ಹಲ್ಲಿಗೆ ಹಾಕಿದರೆ ಹುರಿಗಡಲೆಯಂತೆ ಕಟ್ ಅನ್ನುತ್ತದೆ. ಸಿಪ್ಪೆಯನ್ನು ಅಗಿಯುತ್ತಲೇ ಇದ್ದರೆ ಒಗರು ಮೆತ್ತಗಾಗಿ ಕರಗಬೇಕು. ಇದರಲ್ಲಿ ಅವಳ ನಾಲಿಗೆ ನನ್ನದಕ್ಕಿಂತ ಚುರುಕು. “ಇನ್ನೂ ನಾಲ್ಕು ದಿನ” ಅಂದರೆ ನಾಲ್ಕೇ ದಿನ.

5. ಸೂರ್ಯ ಹುಟ್ಟುವ ಮುಂಚೆ ಅರ್ಧ ತೋಟ ಕ್ರೇಟಿನಲ್ಲಿರಬೇಕು.

ಹಣೆಗೆ ಟಾರ್ಚ್ ಕಟ್ಟಿಕೊಂಡು ಮೂರು ಗಂಟೆಗೆ ಶುರು, ಎಂಟಕ್ಕೆ ಮುಗಿತು. ಬಿಸಿ ಹಣ್ಣು ದಾರಿಯಲ್ಲೇ ಹುದುಗಲು ನೋಡುತ್ತದೆ.

6. ಹುಣಸೆಹಣ್ಣಿನ ಹುಳಿ ನಾಚಿಕೆಯ ವಿಷಯವಲ್ಲ.

ನಮ್ಮ ಬಳ್ಳಿಗಳು ಡಾಗ್‌ರಿಜ್ ಬೇರಿನ ಮೇಲೆ ಕಸಿ ಮಾಡಿದವು. ಬರ, ಉಪ್ಪು ಎರಡನ್ನೂ ತಡೆಯುವ ಗಟ್ಟಿ ಬೇರು, ಆದರೆ ಮಣ್ಣಿನಿಂದ ಪೊಟ್ಯಾಷಿಯಂ ಜಾಸ್ತಿ ಎಳೆಯುತ್ತದೆ. ಅದರಿಂದ ರಸದ ಪಿಎಚ್ ಏರುತ್ತದೆ, ವೈನ್ ಸಪ್ಪೆಯಾಗಿ ಬೇಗ ಕೆಡುತ್ತದೆ. ಪಿಎಚ್ 3.6 ದಾಟದಂತೆ ಟಾರ್ಟಾರಿಕ್ ಹುಳಿ ಸೇರಿಸುತ್ತೇವೆ. ಹುಣಸೆಯಲ್ಲಿರುವುದೂ ಅದೇ ಹುಳಿ. ಸೇರಿಸುವುದಾದರೆ ಹುದುಗುವ ಮೊದಲೇ ಸೇರಿಸಬೇಕು; ಆಮೇಲೆ ಹಾಕಿದ್ದು ಸಾರಿಗೆ ಕೊನೆಯಲ್ಲಿ ಹಿಂಡಿದ ನಿಂಬೆಯಂತೆ ಬೇರೆಯಾಗಿಯೇ ನಿಲ್ಲುತ್ತದೆ.

7. ಹುದುಗುವ ಹತ್ತು ದಿನ ಟ್ಯಾಂಕು ಬಾಣಂತಿಯಿದ್ದ ಹಾಗೆ.

ತೊಟ್ಟು ಬಿಡಿಸಿ, ಹಣ್ಣು ಜಜ್ಜಿ, ರಸ, ಸಿಪ್ಪೆ, ಬೀಜ ಎಲ್ಲ ಒಟ್ಟಿಗೆ ಟ್ಯಾಂಕಿಗೆ. ಎರಡು ಮೂರು ದಿನ ತಣ್ಣಗೆ ನೆನೆಸಿಟ್ಟು ಯೀಸ್ಟ್ ಹಾಕುತ್ತೇವೆ. ಗ್ಯಾಸ್ ಎದ್ದು ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಕೆನೆಯಂತೆ ಕಟ್ಟುತ್ತದೆ. ಬಣ್ಣ ಇರುವುದು ಆ ಸಿಪ್ಪೆಯಲ್ಲೇ. ದಿನಕ್ಕೆ ಮೂರು ಸಲ ಅದನ್ನು ಒತ್ತಿ ಮುಳುಗಿಸದಿದ್ದರೆ ಬಣ್ಣ ಇಳಿಯದು, ಮೇಲೆ ಒಣಗಿ ವಿನೆಗರ್ ವಾಸನೆ ಬರುತ್ತದೆ. ಶಾಖ 24ರಿಂದ 28 ಡಿಗ್ರಿಯಲ್ಲಿರಬೇಕು.

ಆರನೆಯ ವರ್ಷ ರಾತ್ರಿ ಕರೆಂಟ್ ಹೋಯಿತು. ಜನರೇಟರಿಗೆ ಡೀಸೆಲ್ ಇದೆಯೋ ಇಲ್ಲವೋ ಎಂದು ನಾನು ಸಂಜೆ ನೋಡಿರಲಿಲ್ಲ. ಬೆಳಿಗ್ಗೆ ಟ್ಯಾಂಕಿನೊಳಗೆ 36 ಡಿಗ್ರಿ. ಯೀಸ್ಟ್ ಸುಸ್ತಾಗಿ ನಿಂತುಬಿಟ್ಟಿತು, ಸಕ್ಕರೆ ಅರ್ಧಕ್ಕೇ ಉಳಿಯಿತು. ಹೊಸ ಯೀಸ್ಟನ್ನು ಸ್ವಲ್ಪ ಸ್ವಲ್ಪವೇ ಅದೇ ರಸಕ್ಕೆ ಪಳಗಿಸಿ ಮತ್ತೆ ಎಬ್ಬಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ನಾಗರಬಾವಿ ಕಡೆ ತಲೆ ಹಾಕಲಿಲ್ಲ.

8. ಎರಡನೆಯ ಹುದುಗಿಗೆ ಆತುರ ಬೇಡ.

ಹಿಂಡಿ ತೆಗೆದ ವೈನಿನಲ್ಲಿ ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಹುಳಿಯನ್ನು ಲ್ಯಾಕ್ಟಿಕ್ ಮಾಡುತ್ತವೆ. ಹಸಿ ಮಾವಿನ ಹುಳಿ ಮೊಸರಿನ ಹುಳಿಯಾದಂತೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸುವವರು ಈ ಕೆಲಸಕ್ಕೆ ಬರಬಾರದು.

9. ಪೀಪಾಯಿ ಕುಡಿಯುತ್ತದೆ.

225 ಲೀಟರಿನ ಫ್ರೆಂಚ್ ಓಕ್ ಪೀಪಾಯಿ, 300 ಬಾಟಲಿ ಲೆಕ್ಕ. ಮರದ ಮೂಲಕ ವೈನ್ ಆವಿಯಾಗುತ್ತಲೇ ಇರುತ್ತದೆ. ತಿಂಗಳಿಗೆರಡು ಸಲ ಬಾಯಿಮಟ್ಟ ತುಂಬಿಸಬೇಕು. ತಮ್ಮನ ಮದುವೆ ಓಡಾಟದಲ್ಲಿ ಒಮ್ಮೆ ಐದು ವಾರ ಮರೆತೆ. ಎರಡು ಪೀಪಾಯಿ ವಿನೆಗರ್ ಆದವು. ಮದುವೆ ಚೆನ್ನಾಗಿಯೇ ಆಯಿತು.

10. ಒಂದೇ ತೋಟ ಅಂದರೆ ಮರೆಯಿಲ್ಲ.

ಬೆರೆಸುವ ವೈನಿನಲ್ಲಿ ಶಿರಾಜ್ ಬಡಕಲಾದರೆ ಕ್ಯಾಬರ್ನೆ ಎತ್ತಿ ಹಿಡಿಯುತ್ತದೆ. ಇಲ್ಲಿ ಹಾಗಿಲ್ಲ. ಒಂಬತ್ತರಲ್ಲಿ ಎರಡು ವರ್ಷ ತೋಟದ ಹೆಸರಿನ ಲೇಬಲ್ ಹಚ್ಚದೆ, ಆ ವೈನನ್ನು ದೊಡ್ಡ ಟ್ಯಾಂಕಿಗೆ ಸುರಿದಿದ್ದೇವೆ. ರಾಜ್ಯದ ವೈನ್ ನೀತಿ 2007ರಲ್ಲಿ ಬಂದ ಮೇಲೆ ತೋಟಗಳೂ ವೈನರಿಗಳೂ ಹೆಚ್ಚಿದವು, ಲೇಬಲ್ ಮೇಲೆ ಬೆಟ್ಟದ ಚಿತ್ರಗಳೂ ಹೆಚ್ಚಿದವು. ಸುರಿಯುವ ಧೈರ್ಯ ಮಾತ್ರ ಅಷ್ಟಾಗಿ ಹೆಚ್ಚಿಲ್ಲ ಅನ್ನಿಸುತ್ತದೆ.

11. ಮನೆಯಲ್ಲಿ ಎಲ್ಲಿಡುತ್ತೀರಿ ನೋಡಿ.

ಮೊದಲ ಒಳ್ಳೆಯ ವರ್ಷದ ಆರು ಬಾಟಲಿ ತಂದು ತಾರಸಿ ರೂಮಿನಲ್ಲಿಟ್ಟಿದ್ದೆ. ಮೇ ತಿಂಗಳಲ್ಲಿ ನೋಡಿದರೆ ಕಾರ್ಕು ಮೇಲೆದ್ದು, ಬಾಟಲಿ ಕತ್ತಿನಲ್ಲಿ ಅಂಟು ಸೋರಿತ್ತು. ತೆಗೆದರೆ ಬೇಯಿಸಿದ ಬೆಲ್ಲದ ವಾಸನೆ. ಈಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ರಾಗಿ ಡ್ರಮ್ಮಿನ ಹಿಂದೆ ಮಲಗಿಸಿಡುತ್ತೇನೆ. ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇಲ್ಲ. ಅತ್ತೆ ರಾಗಿ ತೆಗೆಯಲು ಹೋದಾಗಲೆಲ್ಲ ಒಳಗಿನಿಂದ ಕೂಗುತ್ತಾರೆ: “ನಿನ್ನ ಮಕ್ಕಳು ಇನ್ನೂ ಮಲಗಿವೆ, ನೋಡ್ಕೋ.”