ಎರಡು ಜಾತ್ರೆಯ ಮಗನಿಗೆ

ತಮ್ಮಾ,

'ದೊಡ್ಡಪ್ಪಾ, ನಾನಿನ್ನು ಯಾರ ಕಡೆಯವನೂ ಅಲ್ಲ' ಎಂದು ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗಿಲ್ಲ.

ಆಯಿ ಕಾರವಾರದವಳು, ಅಪ್ಪ ಅಂಕೋಲೆಯವನು. ಅಲ್ಲಿ ಕೊಂಕಣಿ, ಇಲ್ಲಿ ಕನ್ನಡ. ಅಲ್ಲಿ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆ, ಇಲ್ಲಿ ಶಾಂತಾದುರ್ಗೆಯ ಬಂಡಿಹಬ್ಬ. ನೀನು ನಮ್ಮವನೋ ಅವರವನೋ ಎಂದು ಎರಡೂ ಮನೆಯವರು ಕೇಳಿ ಕೇಳಿ ನಿನ್ನನ್ನು ದಣಿಸಿದೆವು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈ ಜಿಲ್ಲೆಯ ಹಣೆಬರಹವೂ ಹಾಗೇ ಇತ್ತು. 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕಾರವಾರ ಯಾರದು ಎಂಬ ತಕರಾರು ಇವತ್ತಿಗೂ ಮುಗಿದಿಲ್ಲ.

ಆದರೆ ಎಲ್ಲವನ್ನೂ ಕಡಿದುಕೊಂಡರೆ ಒಳಗೆ ನೆಮ್ಮದಿ ಸಿಗುತ್ತದೆ ಅಂದುಕೊಂಡಿದ್ದೀಯಲ್ಲ, ಅದನ್ನು ನಾನು ಒಪ್ಪಲಾರೆ. ಯಾಕೆಂದು ಒಂದು ನಾಟಕದ ಕತೆ ಹೇಳುತ್ತೇನೆ. ಇಪ್ಪತ್ತು ದಾಟಿದ ಹರೆಯದಲ್ಲಿ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನು ಆತ್ಮಕತೆಯಲ್ಲಿ ನೆನೆದಿದ್ದಾರೆ. ಅಲ್ಲಿ ಅವರು ಬರೆದ 'ಪ್ರಕೃತಿರ್ ಪ್ರತಿಶೋಧ್' ನಾಟಕ 1884ರಲ್ಲಿ ಅಚ್ಚಾಯಿತು. ಅದರಲ್ಲೊಬ್ಬ ಸಂನ್ಯಾಸಿ ನಿನ್ನ ಹಾಗೇ ಎಲ್ಲ ನಂಟನ್ನೂ ಹರಿದುಕೊಂಡು ಗುಹೆ ಸೇರುತ್ತಾನೆ. ಊರವರು ಮುಟ್ಟಿಸಿಕೊಳ್ಳದ ಒಂದು ಅನಾಥ ಹುಡುಗಿ ಅವನನ್ನು ಹಚ್ಚಿಕೊಳ್ಳುತ್ತಾಳೆ. ಎಲ್ಲಿ ಮಾಯೆಗೆ ಸಿಕ್ಕಿಬೀಳುವೆನೋ ಎಂದು ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಕೊನೆಗೆ ತಡೆಯಲಾರದೆ ದಂಡ ಮುರಿದು ತಿರುಗಿ ಬರುತ್ತಾನೆ. ಅಷ್ಟರಲ್ಲಿ ಅವಳು ಸತ್ತಿರುತ್ತಾಳೆ.

ಅನಂತವನ್ನು ಹುಡುಕಿ ಹೊರಟವನಿಗೆ ಅದು ಆ ಮಗುವಿನ ಮುಖದಲ್ಲೇ ಇತ್ತು. ಅದು ತಿಳಿಯುವುದರೊಳಗೆ ಹೊತ್ತು ಮೀರಿತ್ತು.

ನಿನ್ನ ಆಯಿಯನ್ನೇ ನೋಡು. ದೇವರಿಗೆ ಕೈಮುಗಿಯುವುದು ಕೊಂಕಣಿಯಲ್ಲಿ, ಹಾಲಿನ ಲೆಕ್ಕ ಬರೆಯುವುದು ಕನ್ನಡದಲ್ಲಿ. ಅದರಿಂದ ಅವಳೇನು ಎರಡು ಹೋಳಾಗಿದ್ದಾಳೆಯೇ? ಸಿಟ್ಟು ಬಂದಾಗ ನಿನ್ನ ಬಾಯಿಗೆ ಯಾವ ಭಾಷೆ ಬರುತ್ತದೆ, ಹೆದರಿಕೆಯಾದಾಗ ಯಾವುದು, ಗಮನಿಸು. ಭಾಷೆ ಯಾವುದೇ ಬರಲಿ, ಒಳಗೆ ಕೂತು ಕೇಳಿಸಿಕೊಳ್ಳುವವನು ಒಬ್ಬನೇ. ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಅವನ ಹತ್ತಿರ ಕೂತುಕೋ. ಅವನು ನಿನ್ನನ್ನು ಯಾವ ಕಡೆಯವನು ಎಂದು ಕೇಳುವುದಿಲ್ಲ. ಯಾರನ್ನೂ ಬಿಟ್ಟು ಬಾ ಎಂದೂ ಹೇಳುವುದಿಲ್ಲ. ಅವನ ಪರಿಚಯವಾದ ಮೇಲೆ ಎರಡೂ ಮನೆಗಳ ಹೊರೆ ಹಗುರಾಗುತ್ತದೆ. ಇದು ನಾನು ತಡವಾಗಿ, ಅರವತ್ತು ದಾಟಿದ ಮೇಲೆ ಕಂಡುಕೊಂಡದ್ದು. ನಿನಗೆ ಅಷ್ಟು ತಡವಾಗುವುದು ಬೇಡ.

ಪುಷ್ಯದ ಹುಣ್ಣಿಮೆಗೆ ಆಯಿಯ ಜೊತೆ ಕೂರ್ಮಗಡದ ದೋಣಿ ಹತ್ತು. ವೈಶಾಖದಲ್ಲಿ ಬಂಡಿಹಬ್ಬಕ್ಕೆ ಅಂಕೋಲೆಗೆ ಬಾ. ಆಯಿ, ಅಪ್ಪ ಇಬ್ಬರೂ ಇನ್ನೂ ಗಟ್ಟಿಯಾಗಿದ್ದಾರೆ, ನಿನ್ನ ದಾರಿ ನೋಡುತ್ತಿದ್ದಾರೆ.